ಮೊದಲು ಬೇಕಾದದ್ದು ಮೇಲೆ

ಯುದ್ಧದ ಸರಕು ಹಡಗಿನಲ್ಲಿ ಆರ್ವಿಲ್ ಟ್ಯಾಕೆಟ್ ಕಲಿತದ್ದು ಒಂದೇ ಪಾಠ: ದಡದಲ್ಲಿ ಮೊದಲು ಬೇಕಾಗುವುದನ್ನು ಕೊನೆಗೆ ತುಂಬಬೇಕು, ಅದು ಎಲ್ಲಕ್ಕಿಂತ ಮೇಲಿರಬೇಕು. ಒಕಿನಾವಾ ದ್ವೀಪದಲ್ಲಿ ಅವನು ಮೊದಲು ಇಳಿಸಿದ್ದು ಮದ್ದುಗುಂಡು, ಕುಡಿಯುವ ನೀರು, ಸ್ಟ್ರೆಚರುಗಳು. ಯುದ್ಧ ಮುಗಿದು ಹಡಗು ಗುಜರಿ ಸೇರಿದರೂ ಅವನ ಚಾಳಿ ಬಿಡಲಿಲ್ಲ. ಆಸ್ಟೋರಿಯಾದ ಮನೆಯಿಂದ ಪಿಕ್‌ನಿಕ್ಕಿಗೆ ಹೊರಟರೂ ಕಾರಿನ ಡಿಕ್ಕಿಯನ್ನು ಮೂರು ಸಲ ಖಾಲಿ ಮಾಡಿ ತುಂಬುತ್ತಿದ್ದ.

"ಎರಡು ಸ್ಯಾಂಡ್‌ವಿಚ್ಚಿಗೆ ಇಷ್ಟೊಂದು ಯುದ್ಧ ಬೇಕೇನಪ್ಪಾ?" ಎಂದು ಹೆಂಡತಿ ವೆಲ್ಮಾ ರೇಗಿಸುತ್ತಿದ್ದಳು.

"ಹಸಿವಾದಾಗ ನಿಂಗೇ ಗೊತ್ತಾಗುತ್ತೆ, ಸುಮ್ನಿರು," ಎನ್ನುತ್ತಿದ್ದ.

ಅವನು ತೀರಿಕೊಂಡ ಬೆಳಿಗ್ಗೆ, ಹೆಣಕ್ಕೆ ತೊಡಿಸುವ ಕರಿ ಸೂಟಿಗಾಗಿ ವೆಲ್ಮಾ ಅವನ ಟ್ರಂಕು ತೆರೆದಳು. ಸೂಟು ಎಲ್ಲಕ್ಕಿಂತ ಮೇಲೇ ಇರುತ್ತದೆಂದು ಅವಳಿಗೆ ಖಾತ್ರಿಯಿತ್ತು. ಆದರೆ ಅದು ಎರಡನೆಯದಾಗಿತ್ತು. ಅದರ ಮೇಲೆ, ಅವಳಿಗೆಂದು ಒಗೆದು ಮಡಿಸಿಟ್ಟ ಆರು ಕರವಸ್ತ್ರಗಳಿದ್ದವು.