ಶೈಲಾ ಬಣ್ಣ ಹೇಳದ ಬಾಗಿಲು

ನಂಬದವರು ನಂಬಬೇಡಿ, ನನ್ನ ಗಂಟೇನು ಹೋಗುತ್ತದೆ? ಕಟ್ಟುಕತೆ ಅಂತ ಮಾತ್ರ ಅನ್ನಬೇಡಿ. ಇದು ಮಸ್ಕತ್ತಿನ ಸೀಬ್‌ನಲ್ಲಿ, ನಮ್ಮದೇ ಬಾಡಿಗೆ ಮನೆಯಲ್ಲಿ ನಡೆದದ್ದು. ಆಗ ಮನೆಯಲ್ಲಿದ್ದವರು ನಾನು ಮತ್ತು ಏಳು ತಿಂಗಳ ಬಸುರಿ ಹೆಂಡತಿ ಶೈಲಾ, ಇಬ್ಬರೇ.

ಮೊದಲು ನನ್ನ ಗುಟ್ಟು ಹೇಳಿಬಿಡುತ್ತೇನೆ. ನನಗೆ ಹುಟ್ಟಿನಿಂದ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಎರಡೂ ಒಂಥರಾ ಮಣ್ಣುಬಣ್ಣ. ಅಂಥವನು ಮಾಡುವ ಕೆಲಸವೋ, ವಿಡಿಯೋಗಳ ಬಣ್ಣ ತಿದ್ದುವುದು! ನಗಬೇಡಿ. ಅರ್ಧ ಕೆಲಸ ಕಂಪ್ಯೂಟರಿನ ಗ್ರಾಫ್ ನೋಡಿ ಮುಗಿಸುತ್ತೇನೆ. ಉಳಿದರ್ಧ ಮನೆಗೆ ತರುತ್ತೇನೆ, ಶೈಲಾ ಪಕ್ಕದಲ್ಲಿ ಕುಳಿತು ಯಾವುದು ಯಾವ ಬಣ್ಣ ಅಂತ ಹೇಳುತ್ತಾಳೆ. ಆಫೀಸಿನಲ್ಲಿ ಗೊತ್ತಾದರೆ ಖಲಾಸ್.

ಆ ವಾರ ಬಂದದ್ದು ಒಂದು ಹಳೇ ಇಟಾಲಿಯನ್ ಚಿತ್ರ. ಮಸ್ಕತ್ತಿನದೇ ಇನ್ನೊಂದು ಬಡಾವಣೆ ಖುರುಮ್‌ನಲ್ಲಿ ಸಿನಿಮಾ ಹುಚ್ಚಿನ ನಾಲ್ಕು ಜನ ಸೇರಿ ಅದನ್ನು ತೋರಿಸುವವರಿದ್ದರು. ಮಾಸಿಹೋದ ಪ್ರತಿಗೆ ಮತ್ತೆ ಬಣ್ಣ ತುಂಬಿಕೊಡಬೇಕಿತ್ತು. ದೊಡ್ಡ ಬಂಗಲೆ, ಒಬ್ಬೊಬ್ಬರಾಗಿ ಸಾಯುವ ಹೆಂಗಸರು, ಕೈಗವಸು ಬಿಟ್ಟು ಏನೂ ಕಾಣದ ಕೊಲೆಗಾರ. ಕತೆ ಅಷ್ಟಕ್ಕಷ್ಟೇ. ಆದರೆ ಆ ಬೆಳಕು... ಅಬ್ಬಾ! ಮೆಟ್ಟಿಲ ಮೇಲೆ ನೀಲಿ, ಪರದೆಯ ಮೇಲೆ ಶೈಲಾ ಹೇಳಿದಂತೆ ನೇರಳೆ, ಕೋಣೆಯಲ್ಲಿ ಮಾತ್ರ ಒಂದು ದೀಪವೂ ಇಲ್ಲ.

“ಈ ಬೆಳಕು ಎಲ್ಲಿಂದ ಬರಾಕತ್ತೇತ್ರಿ?” ಅಂದಳು ಶೈಲಾ.

ದೀಪದ ಮುಂದೆ ಬಣ್ಣದ ಹಾಳೆ ಕಟ್ಟಿ, ದೀಪವನ್ನು ಕಂಬದ ಹಿಂದೆ ಬಚ್ಚಿಡುತ್ತಿದ್ದರು, ಅದೇ ಆ ಕಾಲದವರ ಕೈಚಳಕ ಅಂತ ದೊಡ್ಡ ಪಂಡಿತನ ಹಾಗೆ ವಿವರಿಸಿದೆ.

ಸಂಜೆಯ ಮಗ್ರಿಬ್ ಆಜಾನ್ ಮುಗಿದಿತ್ತು. ಪಕ್ಕದ ಮನೆಯಿಂದ ಲೋಬಾನದ ವಾಸನೆ... ಎ.ಸಿ.ಯ ಗೊರಗೊರ... ಚಿತ್ರದಲ್ಲಿ ಒಬ್ಬಳು ಉದ್ದನೆಯ ಓಣಿಯಂಥ ಪಡಸಾಲೆಯಲ್ಲಿ ನಡೆಯುತ್ತಿದ್ದಳು. ಕ್ಯಾಮೆರಾ ಸದ್ದಿಲ್ಲದೆ ಅವಳ ಬೆನ್ನಿಗೇ. ಕೊನೆಯಲ್ಲೊಂದು ಬಾಗಿಲು.

ಆ ಬಾಗಿಲ ಮೇಲೆ ನಾನು ಜನ್ಮದಲ್ಲಿ ನೋಡಿರದ ಬಣ್ಣವಿತ್ತು. ಮಣ್ಣುಬಣ್ಣವಲ್ಲ, ನೀಲಿಯಲ್ಲ, ಹಳದಿಯಲ್ಲ. ಕಣ್ಣಿಗೆ ಖಾರ ಬಿದ್ದ ಹಾಗೆ ಉರಿಯಿತು. ಆ ಬಾಗಿಲು ಯಾವ ಬಣ್ಣ ಅಂತ ಶೈಲಾಳನ್ನು ಕೇಳಿದೆ.

ಅವಳು ಕಣ್ಣು ಬೇರೆಡೆ ತಿರುಗಿಸಿದಳು. “ಬೂದಿ ಬಣ್ಣರೀ. ವಿಶೇಷ ಏನಿಲ್ಲ.”

ಚಿತ್ರದ ಹೆಂಗಸು ಬಾಗಿಲು ತೆರೆದಳು, ಸತ್ತಳು. ನಾನು ಹಿಂದಕ್ಕೆ ಓಡಿಸಿ ನೋಡಿದೆ. ಸಾಯುವ ಪ್ರತಿಯೊಬ್ಬಳ ಮೇಲೂ ಮೊದಲು ಅದೇ ಬಣ್ಣ... ಒಬ್ಬಳ ಭುಜಕ್ಕೆ, ಒಬ್ಬಳ ಕೊರಳಿಗೆ. ಮೊದಲ ಸಲ ನೋಡಿದಾಗ ಅದು ಅಲ್ಲಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಸಾಕು ಬಂದ್ ಮಾಡಿ ಅಂತ ಶೈಲಾ ನೀರು ಕುಡಿಯಲು ಎದ್ದಳು. ಲ್ಯಾಪ್‌ಟಾಪ್ ಮುಚ್ಚಿ ತಿರುಗಿದೆ. ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಅದೇ ಬಣ್ಣ!

“ಒಳಗ ಹೋಗಬ್ಯಾಡ,” ಅಂದೆ.

ಅವಳು ಹೊಸ್ತಿಲಲ್ಲಿ ನಿಂತು ತಿರುಗಿದಳು. ಬಣ್ಣ ಬಾಗಿಲಲ್ಲಿರಲಿಲ್ಲ. ಅವಳ ಹೊಟ್ಟೆಯ ಮೇಲಿತ್ತು... ಅಂಗೈಯಗಲ.

ಹೇಗೆ ಕಾರು ಓಡಿಸಿದೆನೋ ದೇವರಿಗೇ ಗೊತ್ತು. ಒಂದಕ್ಕೆ ಹತ್ತು ಪ್ರಶ್ನೆ ಕೇಳುವ ಶೈಲಾ ಎಲ್ಲಿಗೆ, ಯಾಕೆ ಅಂತಲೂ ಕೇಳಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕುಳಿತಿದ್ದಳು. ಆಸ್ಪತ್ರೆಯಲ್ಲಿ, ನೋವಿಲ್ಲದಿದ್ದರೂ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಪರೀಕ್ಷೆ ಮಾಡಿದ ಡಾಕ್ಟರಮ್ಮನ ಮುಖ ಬದಲಾಯಿತು. ಮಗುವಿನ ಎದೆಬಡಿತ ಇಳಿಯುತ್ತಿತ್ತು. ಕೂಡಲೇ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ಇನ್ನೊಂದು ತಾಸು ತಡವಾಗಿದ್ದರೆ ಮಗು ದಕ್ಕುತ್ತಿರಲಿಲ್ಲ ಅಂದರು. ನಾನು ಅಲ್ಲೇ ಗೋಡೆಗೊರಗಿ ಅತ್ತೆ.

ಮಗಳಿಗೆ ಈಗ ನಾಲ್ಕು ವರ್ಷ. ಆ ಬಣ್ಣ ನನಗೆ ಮತ್ತೆಂದೂ ಕಂಡಿಲ್ಲ. ಚಿತ್ರವನ್ನು ಆಮೇಲೆ ತೆರೆದು ನೋಡಿದರೆ ಬಾಗಿಲು ಮಾಮೂಲಿ ಮಣ್ಣುಬಣ್ಣ.

ಆಪರೇಷನ್ ಆದ ಮೂರನೇ ದಿನ ಶೈಲಾ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು. “ಅವತ್ತ ನಾ ಸುಳ್ಳ ಹೇಳಿದೆರೀ. ಆ ಬಣ್ಣ ನನಗೂ ಕಂಡಿತ್ತು. ಗದಗಿನ್ಯಾಗ ನಮ್ಮಪ್ಪ ತೀರಿಹೋದ ದಿನ ಅವರ ಅಂಗಿ ಮ್ಯಾಲೂ ಕಂಡಿತ್ತು. ನೀವು ಹೆದರ್ತೀರಂತ ಹೇಳಲಿಲ್ಲ.”

ಅವಳು ಹೇಳಿದ್ದನ್ನೇ ನಂಬಿ ಬದುಕಿದವನು ನಾನು.

ಅಂದಿನಿಂದ ದಿನಾ ಬೆಳಿಗ್ಗೆ ನಾನು ಹೊರಡುವಾಗ ಶೈಲಾ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಾಳೆ. ಗೊತ್ತಿಲ್ಲದವನ ಹಾಗೆ ನಾನು ಹೋಗಿಬಿಡುತ್ತೇನೆ.

ಇವತ್ತು ಕಾರಿನ ಕೀಲಿ ಕಿತ್ತುಕೊಂಡಳು. ಮಗಳನ್ನು ಪಕ್ಕದ ಮನೆಗೆ ಬಿಟ್ಟು, ತಾನೇ ಓಡಿಸಿಕೊಂಡು ಆಸ್ಪತ್ರೆಗೆ ಕರೆತಂದಳು. ಇದನ್ನು ಇಲ್ಲಿಯ ಕುರ್ಚಿಯಲ್ಲಿ ಕುಳಿತೇ ಮೊಬೈಲಿನಲ್ಲಿ ಬರೆಯುತ್ತಿದ್ದೇನೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ, ಮನೆಗೆ ಹೋಗಿ ಅಂದರು.

ಶೈಲಾ ಏಳುತ್ತಿಲ್ಲ. ನನ್ನ ಮುಖ ನೋಡುತ್ತಿಲ್ಲ... ಎದೆಯನ್ನೇ ನೋಡುತ್ತಿದ್ದಾಳೆ.