ಕಿವಿ ಚಿಕ್ಕಪ್ಪನ ಅರ್ಧ ಭಾಷೆ

ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ‘ಕಿವಿ’ ಎಂದೇ ಕರೆಯುತ್ತಾರೆ. ಸೈನ್ಯದಲ್ಲಿದ್ದಷ್ಟು ಕಾಲವೂ ಗಡಿಯ ಗುಡಿಸಲೊಂದರಲ್ಲಿ ಕೂತು ಶತ್ರುಗಳ ವೈರ್‌ಲೆಸ್ ಮಾತು ಕೇಳುವುದೇ ಅವನ ಕೆಲಸವಾಗಿತ್ತು. ಅವರ ಭಾಷೆ ಕಲಿತದ್ದು ಹಾಗೆ. ಕೇಳಿದ್ದೇ ಹೊರತು ಒಬ್ಬರ ಜೊತೆಗೂ ಆಡಿದವನಲ್ಲ. ನಿವೃತ್ತನಾದ ಮೇಲೆ ನನ್ನ ಪಂಪಿನ ಕಾರ್ಖಾನೆಗೆ ಬಂದು ವಾಷರ್ ಆರಿಸುತ್ತ ಕೂರುತ್ತಿದ್ದ. ಆ ಭಾಷೆ ಯಾರಿಗೂ ಬೇಕಿರಲಿಲ್ಲ.

ಕಾಲ ತಿರುಗಿತು. ಗಡಿಯಾಚೆಯ ಆ ಶತ್ರು ದೇಶಕ್ಕೆ ಯಂತ್ರ ಕೊಡುತ್ತಿದ್ದ ಹಳೆಯ ಗೆಳೆಯ ದೇಶ ಕೈಕೊಟ್ಟಿತು. ಅವರ ಹೊಲಗಳಿಗೆ ಪಂಪು ಬೇಕು. ಹತ್ತಿರ ಇರುವವರು ನಾವೇ. ನಿನ್ನೆಯವರೆಗೆ ನಮ್ಮ ಮೇಲೆ ಹಲ್ಲು ಕಡಿಯುತ್ತಿದ್ದ ಅವರ ಸರ್ಕಾರ ಈಗ ಹಲ್ಲು ಕಿರಿಯತೊಡಗಿತು. ಗಡಿ ತೆರೆಯಿತು. ಅಲ್ಲಿನ ಒಬ್ಬ ವ್ಯಾಪಾರಿ ನಮ್ಮ ಬಾಗಿಲಿಗೂ ಬಂದ. ನನಗೋ ಕೆಲಸವಿಲ್ಲದೆ ಕಬ್ಬಿಣ ಕಡೆಯುವ ಲೇತು ಯಂತ್ರವನ್ನೇ ಮಾರುವ ಗತಿ ಬಂದಿತ್ತು. ಈ ಆರ್ಡರ್ ಸಿಕ್ಕರೆ ಕಾರ್ಖಾನೆ ಉಂಟು, ಇಲ್ಲವಾದರೆ ಇಲ್ಲ.

ವ್ಯಾಪಾರಿ ಒಳಗೆ ಕಾಲಿಟ್ಟೊಡನೆ ಚಿಕ್ಕಪ್ಪ ಎದ್ದು ನಿಂತು ಅವರ ಭಾಷೆಯಲ್ಲಿ ಏನೋ ಗುಡುಗಿದ. ಆತ ಬಾಗಿಲಲ್ಲೇ ನಿಂತುಬಿಟ್ಟ. ಏನಂದೆ ಎಂದು ಕೇಳಿದೆ.

“ಮುಂದೆ ಬಾ, ಕೂರು ಅಂದೆ ಕಣೋ. ಸಿಪಾಯಿಗಳು ಹಾಗೇ ಅಂತಿದ್ರು. ‘ಬನ್ನಿ’ ಅಂತ ಯಾರೂ ಯಾರನ್ನೂ ಕರೀತಿರಲಿಲ್ಲ ಅಲ್ಲಿ.”

ಮಾತು ಕುಂಟುತ್ತ ಸಾಗಿತು. ವ್ಯಾಪಾರಿ ದರ ತಗ್ಗಿಸಿ ಎಂದಾಗ ನನಗೆ ಪಿತ್ತ ನೆತ್ತಿಗೇರಿತು.

“ಹಳೇ ಗೆಳೆಯ ಕೈಬಿಟ್ಟ ಅಂತ ತಾನೇ ಇಲ್ಲಿಗೆ ಬಂದಿರೋದು? ನಾಳೆ ಅವನು ಕರೆದ್ರೆ ನಮ್ಮ ಪಂಪು ಬಾವಿಗೆ ಎಸೆದು ಓಡಲ್ವಾ? ಹೀಗಂತ ಅವರನ್ನೇ ಕೇಳು ಚಿಕ್ಕಪ್ಪ.”

ಸ್ವಲ್ಪ ನಯ ಮಾಡಿ ಹೇಳುತ್ತಾನೆಂದುಕೊಂಡೆ. ನಯದ ಮಾತು ಅವನಿಗೆ ಬಂದರೆ ತಾನೆ! ಇದ್ದದ್ದನ್ನು ಇದ್ದ ಹಾಗೇ ಒಗೆದ. ಆರ್ಡರ್ ಕೈತಪ್ಪಿತು ಎಂದು ನಾನು ಲೇತಿನ ಕಡೆ ನೋಡಿದೆ.

ವ್ಯಾಪಾರಿ ಪಂಪಿನ ಮೇಲೆ ಕೈಯಾಡಿಸುತ್ತ ನಿಂತ. ಆಮೇಲೆ ಆಡಿದ್ದನ್ನು ಚಿಕ್ಕಪ್ಪ ತಿಳಿಸಿದ.

“ಕರೆದ್ರೆ ಹೋಗ್ತೀವಿ, ಸುಳ್ಳು ಯಾಕೆ ಹೇಳಲಿ ಅಂತಾನೆ. ಆದ್ರೆ ಊರೂರಲ್ಲೂ ನಿಮ್ಮ ಪಂಪು ನೀರೆತ್ತುತ್ತಾ ಇದ್ರೆ ಬಿಡಿಭಾಗಕ್ಕೆ ನಿಮ್ಮ ಹತ್ರಾನೇ ಬರ್ಬೇಕಲ್ಲ. ಆಗ ನಿಮ್ಮ ಜೊತೆ ಜಗಳ ತೆಗೆಯೋಕೆ ನಮ್ಮ ಸರ್ಕಾರಾನೂ ಹತ್ತು ಸಲ ಯೋಚನೆ ಮಾಡುತ್ತೆ ಅಂತಾನೆ.”

ಈ ಒರಟು ಮಾತು ಎಲ್ಲಿ ಕಲಿತಿರಿ ಎಂದೂ ಆತ ಕೇಳಿದ. ಚಿಕ್ಕಪ್ಪ ಮುಚ್ಚಿಡಲಿಲ್ಲ. ನಿಮ್ಮ ಸೈನಿಕರನ್ನು ಕದ್ದು ಕೇಳುತ್ತಿದ್ದೆ, ಚಳಿಗಾಲದಲ್ಲಿ ಅವರು ಮದ್ದುಗುಂಡಿಗಿಂತ ಹೆಚ್ಚಾಗಿ ಕಳಿಸಿ ಎಂದು ಬೇಡುತ್ತಿದ್ದದ್ದು ಕಾಲುಚೀಲ ಎಂದ. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ದರದಲ್ಲಿ ಒಂದಿಷ್ಟು ಬಿಟ್ಟೆ, ಆತ ಆರ್ಡರ್ ಕೊಟ್ಟ.

‘ಬನ್ನಿ, ಕೂತ್ಕೊಳ್ಳಿ’ ಎನ್ನುವುದನ್ನು ಹೊರಡುವ ಮುಂಚೆ ಆತನೇ ಹೇಳಿಕೊಟ್ಟ. ಲೇತು ಈಗ ಹಗಲೆಲ್ಲ ತಿರುಗುತ್ತದೆ. ಅದರ ಸದ್ದಿನ ನಡುವೆ ಚಿಕ್ಕಪ್ಪ ವಾಷರ್ ಆರಿಸುತ್ತ ಆ ಎರಡು ಮಾತನ್ನು ಬಾಯಿಪಾಠ ಮಾಡುತ್ತಿದ್ದಾನೆ. ಬಿಡಿಭಾಗಕ್ಕೆ ಅವರು ಬರುವ ಹೊತ್ತಾಯಿತು.