ಜೆಸಿಬಿ ಜೋಕಾಲಿ

ಪಾಲಬಾವಿಯ ನಮ್ಮ ಮನೆ ಮುಂದಿನ ಬೇವಿನಮರ ರಸ್ತೆ ಅಗಲೀಕರಣಕ್ಕೆ ಹೋದಮೇಲೆ, ಪಂಚಮಿಯ ಜೋಕಾಲಿಗೆ ಮರವಾದದ್ದು ಪಕ್ಕದ ಮನೆಯಾತನ ಜೆಸಿಬಿ. ತವರಿಗೆ ಬಂದ ಅತ್ತೆಯರು, ಅಕ್ಕಂದಿರು ಶೇಂಗಾ ಉಂಡಿ ಕಡಿಯುತ್ತ ಪಾಳಿ ಹಚ್ಚಿದರೆ, ಆತ ಯಂತ್ರದ ಉದ್ದ ತೋಳನ್ನು ಎತ್ತಿ ನಿಲ್ಲಿಸಿ, ಕೀಲಿಯನ್ನು ಬನಿಯನ್ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಹಗ್ಗ ತೇಯದಂತೆ ತೋಳಿಗೆ ಗೋಣಿಚೀಲ ಸುತ್ತುತ್ತಿದ್ದ. ಯಾರು ಅವಸರ ಮಾಡಿದರೂ ಒಂದೇ ಮಾತು: “ಜರಾ ತಡೀರಿ.” ತಾನು ಮಾತ್ರ ಎಂದೂ ಜೋಕಾಲಿ ಹತ್ತಿದವನಲ್ಲ.

ಒಂದು ವರ್ಷ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೀರೆಯ ಕಚ್ಚೆ ಬಿಗಿದು ನಿಂತೇ ಜೀಕತೊಡಗಿದಳು. ನಾವೆಲ್ಲ ಹೋ ಎಂದು ಕೂಗುತ್ತಿದ್ದೆವು. ಮೇಲೆ ಗೋಣಿಚೀಲ ಸರಿದು, ಕಬ್ಬಿಣದ ಅಂಚಿಗೆ ಹಗ್ಗ ಎಳೆಯೆಳೆಯಾಗಿ ಬಿಡುತ್ತಿದ್ದುದು ಆತನೊಬ್ಬನಿಗೇ ಕಂಡಿತು. ಆಗ “ತಡೀರಿ” ಎನ್ನಲಿಲ್ಲ, ಓಡಿದ. ತೂಗಿ ಹಿಂದೆ ಬಂದ ಆಯಿಯ ನಡುವಿಗೆ ಕೈಹಾಕಿ ಎಳೆದುಕೊಂಡು ಕೆಸರಿಗೆ ಬಿದ್ದ. ಆ ಎಳೆತಕ್ಕೇ ಹಗ್ಗ ಹರಿದು, ಹಲಗೆ ಹಾರಿ ಕಲ್ಲಿಗೆ ಬಡಿದು ಎರಡು ತುಂಡಾಯಿತು.

ನಾವು ಉಸಿರು ಬಿಡುವ ಮೊದಲೇ ಕೆಸರಿನಿಂದ ಆಯಿಯ ದನಿ ಎದ್ದಿತು: “ಏ, ಬ್ಯಾರೆ ಹಗ್ಗ ತಾರೋ! ನನ್ನ ಪಾಳಿ ಇನ್ನಾ ಮುಗದಿಲ್ಲ!”

“ಜರಾ ತಡೀರಿ, ಆಯಿ,” ಎಂದ. ಹೊಸ ಹಗ್ಗ, ಹೊಸ ಹಲಗೆ ಬಿಗಿದು, ಗಟ್ಟಿ ಇದೆಯೋ ನೋಡಲು ಮೊದಲು ತಾನೇ ಹತ್ತಿದ. ಒಂದು ಜೀಕು ಜೀಕಿದ, ಇನ್ನೊಂದು ಜೀಕಿದ. ಟೊಪ್ಪಿಗೆ ಹಾರಿಹೋಯಿತು. ಮುಖದ ತುಂಬ ನಗು.

“ಗಟ್ಟಿ ಐತಿ, ಸಾಕ ಇಳಿಯೋ!” ಎಂದು ಆಯಿ ಕೂಗಿದಳು.

ಮುಗಿಲಿನ ಕಡೆಯಿಂದ ಉತ್ತರ ಬಂತು: “ಜರಾ ತಡೀರಿ!”